ಉಬಿನ್ ದ್ವೀಪದ ಕಲ್ಲು ಎಲ್ಲಿಗೆ ಹೋಯ್ತು?

ಊರಿಂದ ನೆಂಟರು ಬಂದರೆ ನಾವು ಸಿಂಗಪುರದಲ್ಲಿ ತೋರಿಸೋದು ಸೆಂಟೋಸಾ, ಮರೀನಾ ಬೇ, ಜೂ. ಪುಲಾವ್ ಉಬಿನ್ ಆ ಪಟ್ಟಿಯಲ್ಲಿ ಬರೋದು ಅಪರೂಪ. ದೇಶದ ಈಶಾನ್ಯ ಮೂಲೆಯಲ್ಲಿರುವ, ಸುಮಾರು 10 ಚದರ ಕಿ.ಮೀ. ವಿಸ್ತಾರದ ದ್ವೀಪ ಇದು. ಚಾಂಗಿ ಪಾಯಿಂಟ್‌ನಲ್ಲಿ 12 ಜನ ಸೇರಿದರೆ ಬಂಬೋಟ್ ಹೊರಡುತ್ತೆ. ಹತ್ತು-ಹದಿನೈದು ನಿಮಿಷದ ದಾರಿ. ಹೋದ ವರ್ಷ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಬಂದ್ವಿ.

ದೋಣಿ ಇಳಿದರೆ ಪುಟ್ಟ ಹಳ್ಳಿ, ಬಾಡಿಗೆ ಸೈಕಲ್ ಅಂಗಡಿಗಳು, ತಗಡಿನ ಸೂರಿನ ಮನೆಗಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಡುಹಂದಿಯೊಂದು ಮರಿಗಳ ಜೊತೆ ರಸ್ತೆ ದಾಟಿತು. ಮುಂದೆ ಕಡಿದಾದ ಬಂಡೆಗಳ ನಡುವೆ ಹಸಿರು ನೀರು, ನೀರಿನ ಮೇಲೆ ಬಕಪಕ್ಷಿಗಳು. "ಅಪ್ಪಾ, ಇದು ಕೆರೆನಾ?" ಅಂದಳು ಮಗಳು. ಕೆರೆ ಅಲ್ಲ. ಪೆಕಾನ್ ಕ್ವಾರಿ. ಮನುಷ್ಯರು ಕಲ್ಲು ತೆಗೆದು ಮಾಡಿದ ಹಳ್ಳ.

ದ್ವೀಪದ ಚರಿತ್ರೆ ಹೆಸರಲ್ಲೇ ಇದೆ. ಮಲಯ ಭಾಷೆಯಲ್ಲಿ 'ಪುಲಾವ್' ಅಂದರೆ ದ್ವೀಪ, 'ಉಬಿನ್' ಅಂದರೆ ನೆಲಕ್ಕೆ ಹಾಸುವ ಬಿಲ್ಲೆ. ಇಲ್ಲಿನ ಗ್ರಾನೈಟ್ 19ನೇ ಶತಮಾನದಲ್ಲೇ ಪ್ರಸಿದ್ಧ. ಪೆದ್ರಾ ಬ್ರಾಂಕಾ ಬಂಡೆಯ ಮೇಲೆ 1850-51ರಲ್ಲಿ ಜಾನ್ ಟರ್ನ್‌ಬುಲ್ ಥಾಮ್ಸನ್ ಕಟ್ಟಿಸಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಕಲ್ಲು ಹೋದದ್ದು ಇಲ್ಲಿಂದಲೇ. ಆ ಬಂಡೆ ಯಾರದ್ದು ಅಂತ ಸಿಂಗಪುರ, ಮಲೇಷ್ಯಾ ವಾದಿಸಿ, 2008ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಅದನ್ನು ಸಿಂಗಪುರಕ್ಕೆ ಕೊಟ್ಟಿತು. ಜೋಹೋರ್‌ಗೆ ಹೋಗುವ ಕಾಸ್‌ವೇ 1924ರಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಯಿತು. ಅದರಲ್ಲೂ ಉಬಿನ್ ಕಲ್ಲಿದೆ.

ಕಲ್ಲು ಒಡೆದವರು ಯಾರು? ಚೀನಾದಿಂದ ಬಂದ ಕಲ್ಲುಕುಟಿಗರು ಬಹಳ. ಅವರ ಜೊತೆಗೆ ನಮ್ಮ ದೇಶದವರೂ ಇದ್ದರು, ಕೈದಿಗಳಾಗಿ. ಬ್ರಿಟಿಷರು 1825ರಿಂದ ಭಾರತೀಯ ಕೈದಿಗಳನ್ನು ಸಿಂಗಪುರಕ್ಕೆ ತಂದರು. ಮದರಾಸು, ಮುಂಬಯಿ, ಬಂಗಾಳ ಪ್ರಾಂತ್ಯಗಳವರು ಅವರಲ್ಲಿದ್ದರು. ಆಗ ಬಳ್ಳಾರಿ ಮದರಾಸಿಗೆ, ಧಾರವಾಡ ಮುಂಬಯಿಗೆ ಸೇರಿದ್ದ ಜಿಲ್ಲೆಗಳು ಅನ್ನೋದನ್ನ ನೆನಪಿಡಬೇಕು. ರಸ್ತೆ ಹಾಕಿದ್ದು, ಜೌಗು ತುಂಬಿದ್ದು, ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಕಟ್ಟಿದ್ದು ಇವರೇ. ಉಬಿನ್‌ನಲ್ಲಿ ಬಂಡೆ ಒಡೆಯುವುದಕ್ಕೂ ಇವರನ್ನು ಹಚ್ಚಿದ್ದರು. 1873ರಲ್ಲಿ ಈ ವ್ಯವಸ್ಥೆ ನಿಂತಿತು. ದೀಪಸ್ತಂಭಕ್ಕೆ ಹಾರ್ಸ್‌ಬರ್ಗ್ ಹೆಸರಿದೆ, ಕಟ್ಟಿಸಿದ ಥಾಮ್ಸನ್ ಹೆಸರು ಪುಸ್ತಕಗಳಲ್ಲಿದೆ. ಸುತ್ತಿಗೆ ಹಿಡಿದವರ ಹೆಸರು ಯಾವ ಗೋಡೆಯ ಮೇಲೂ ಕಾಣೋದಿಲ್ಲ.

ನಾವು ಪಾಸ್‌ಪೋರ್ಟು, ವರ್ಕ್ ಪಾಸ್ ಹಿಡಿದು ಬಂದವರು. ಅವರು ಸಂಕೋಲೆಯಲ್ಲಿ ಬಂದವರು. ಎರಡೂ ಒಂದೇ ಅನ್ನೋದು ತಪ್ಪಾಗುತ್ತೆ. ಆದರೆ ನಮಗಿಂತ ಮೊದಲು ಸಮುದ್ರ ದಾಟಿ ಬಂದು ಈ ನೆಲದಲ್ಲಿ ದುಡಿದವರು ಅವರು. ಈ ಊರಿನಲ್ಲಿ ನಮ್ಮ ಕಥೆ ಐಟಿ ಕಂಪನಿಗಳಿಂದ ಶುರುವಾಯಿತು ಅಂದುಕೊಂಡರೆ ಅವರನ್ನು ಎರಡನೇ ಸಲ ಮರೆತ ಹಾಗೆ.

ಉಬಿನ್‌ನ ಕೊನೆಯ ಕ್ವಾರಿ 1999ರಲ್ಲಿ ಮುಚ್ಚಿತು. ಕೆಲಸ ಹೋದ ಮೇಲೆ ಜನರೂ ಹೋದರು. ಸಾವಿರಾರು ಜನರಿದ್ದ ದ್ವೀಪದಲ್ಲಿ ಈಗ ಉಳಿದವರು ಬೆರಳೆಣಿಕೆಯಷ್ಟು. ಖಾಲಿಯಾದ ಜಾಗಕ್ಕೆ ಹಕ್ಕಿಗಳು ಬಂದವು. 19ನೇ ಶತಮಾನದಲ್ಲೇ ಸಿಂಗಪುರದಿಂದ ಕಣ್ಮರೆಯಾಗಿದ್ದ ಮಂಗಟ್ಟೆ ಹಕ್ಕಿಯ ಒಂದು ಜೋಡಿ 1994ರಲ್ಲಿ ಇಲ್ಲಿ ಕಾಣಿಸಿತು. ನಮ್ಮ ದಾಂಡೇಲಿಯ ಮಂಗಟ್ಟೆಗಳ ಬಳಗದ್ದೇ ಅದು. ಈಗ ನಗರದ ಮರಗಳಲ್ಲೂ ಕೂಗುತ್ತವೆ.

ಪೂರ್ವ ತುದಿಯ ಚೆಕ್ ಜಾವಾ ತೀರಕ್ಕೂ ಮಣ್ಣು ತುಂಬಿಸುವ ಯೋಜನೆಯಿತ್ತು. ಪ್ರಕೃತಿಪ್ರಿಯರು, ಸಾಮಾನ್ಯ ಜನ ಅಲ್ಲಿನ ಜೀವಿಗಳನ್ನು ಒಂದೊಂದಾಗಿ ದಾಖಲಿಸಿ ಸರ್ಕಾರಕ್ಕೆ ತಿಳಿಸಿದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಕೆಲಸ ಮುಂದೂಡಿತು. ಇವತ್ತು ಅಲ್ಲಿ ಹಲಗೆ ಹಾದಿಯ ಮೇಲೆ ನಡೆದು, ಕೆಸರಿನಲ್ಲಿ ನೆಗೆಯುವ ಮೀನು, ಏಡಿ, ಕಾಂಡ್ಲಾ ಗಿಡಗಳನ್ನು ನೋಡಬಹುದು.

ಹೋಗುವವರು ನೀರು ಇಳಿಯುವ ಹೊತ್ತು ನೋಡಿಕೊಂಡು ಹೋಗಿ, ಚಿಲ್ಲರೆ ನಗದು ಇಟ್ಟುಕೊಳ್ಳಿ, ಹಂದಿಗಳಿಗೆ ತಿಂಡಿ ಹಾಕಬೇಡಿ. ಮುಂದಿನ ಸಲ ಜೋಹೋರ್‌ಗೆ ಶಾಪಿಂಗ್‌ಗೆ ಹೊರಟು ಕಾಸ್‌ವೇ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ, ಚಕ್ರದ ಕೆಳಗಿರೋ ಕಲ್ಲು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಹೇಳಿ. ಹೇಗೂ ಅಲ್ಲಿ ಹೊತ್ತು ಬೇಕಾದಷ್ಟು ಇರುತ್ತೆ.