ಗರ್ಭಿಣಿಯರ ರಕ್ತಸೂಚಕಗಳು

ತಾಯಿ ಹಾಗೂ ಭ್ರೂಣದ ಆರೋಗ್ಯಸ್ಥಿತಿಯನ್ನು ಅರಿಯಲು ತಾಯಿಯ ರಕ್ತದಲ್ಲಿ ಅಳೆಯಲಾಗುವ ವಸ್ತುಗಳನ್ನು ಗರ್ಭಿಣಿಯರ ರಕ್ತಸೂಚಕಗಳು ಎನ್ನುತ್ತಾರೆ. ಹಿಮೋಗ್ಲೋಬಿನ್, ಫೆರಿಟಿನ್ ಮತ್ತು ಕೆಲವು ಹಾರ್ಮೋನುಗಳು ಇವುಗಳಲ್ಲಿ ಮುಖ್ಯವಾದವು.

ರಕ್ತಹೀನತೆ

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆಯೆಂದೂ, 7 ಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆಯೆಂದೂ ಪರಿಗಣಿಸಲಾಗುತ್ತದೆ. ತೀವ್ರ ರಕ್ತಹೀನತೆಯಿರುವ ತಾಯಿಗೆ ಹೆರಿಗೆಯ ರಕ್ತಸ್ರಾವ ಪ್ರಾಣಾಪಾಯವನ್ನು ತರಬಹುದು. ಹಿಮೋಗ್ಲೋಬಿನ್ ಕೊರತೆಯ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ. ದೇಹದ ಕಬ್ಬಿಣದ ಸಂಗ್ರಹವನ್ನು ಫೆರಿಟಿನ್ ಸೂಚಿಸುತ್ತದೆ. ಆದರೆ ಸೋಂಕಿದ್ದಾಗ ಅದರ ಮಟ್ಟ ಏರುವುದರಿಂದ ಟ್ರಾನ್ಸ್‌ಫೆರಿನ್ ಸಂತೃಪ್ತತೆಯನ್ನೂ ನೋಡಲಾಗುತ್ತದೆ.

ಬೆಳಗಾವಿಯ ಸಂಶೋಧನೆ

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದೊಡನೆ 'ರ‍್ಯಾಪಿಡ್‌ಐರನ್' ಅಧ್ಯಯನವನ್ನು ಕೈಗೊಂಡಿತು. ಕರ್ನಾಟಕ ಮತ್ತು ರಾಜಸ್ಥಾನಗಳ 4,320 ಗರ್ಭಿಣಿಯರನ್ನು ಒಳಗೊಳ್ಳುವುದು ಅದರ ಗುರಿಯಾಗಿತ್ತು. ಹಿಮೋಗ್ಲೋಬಿನ್ 7ರಿಂದ 9.9 ಗ್ರಾಂ ಇದ್ದು, ಕಬ್ಬಿಣದ ಕೊರತೆಯೂ ಇದ್ದವರನ್ನು ಆಯ್ದುಕೊಂಡು, ರಕ್ತನಾಳದ ಮೂಲಕ ಒಮ್ಮೆ ನೀಡುವ ಕಬ್ಬಿಣವನ್ನು ಮಾತ್ರೆಗಳೊಂದಿಗೆ ಹೋಲಿಸಲಾಯಿತು.

ಭ್ರೂಣದ ತಪಾಸಣೆ

11ರಿಂದ 13 ವಾರಗಳ 'ಡಬಲ್ ಮಾರ್ಕರ್' ಪರೀಕ್ಷೆಯಲ್ಲಿ ಪಿಎಪಿಪಿ-ಎ ಪ್ರೋಟೀನ್ ಹಾಗೂ ಬೀಟಾ ಎಚ್‌ಸಿಜಿ ಹಾರ್ಮೋನುಗಳನ್ನು ಅಳೆಯುತ್ತಾರೆ. ಇದರಿಂದ ಡೌನ್ ಸಿಂಡ್ರೋಮ್‌ನ ಸಂಭವ ಮಾತ್ರ ತಿಳಿಯುತ್ತದೆ. ಖಚಿತಪಡಿಸಲು ಗರ್ಭಜಲ ಪರೀಕ್ಷೆಯಂತಹ ಮುಂದಿನ ಪರೀಕ್ಷೆ ಅಗತ್ಯ. ಆದ್ದರಿಂದ 'ಹೆಚ್ಚಿನ ಅಪಾಯ' ಎಂಬ ವರದಿಯನ್ನೇ ರೋಗನಿರ್ಣಯವೆಂದು ಭಾವಿಸಲಾಗದು.

ಲಭ್ಯತೆ

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಹುಕ್ಕೇರಿ ತಾಲೂಕಿನ ಕಣಗಲಾದಂತಹ ಗ್ರಾಮಗಳ ಗರ್ಭಿಣಿಯರೂ ಈ ಸೇವೆಗೆ ಅರ್ಹರು. ಹಿಮೋಗ್ಲೋಬಿನ್ ಪರೀಕ್ಷೆ ಇದರಲ್ಲಿ ಸೇರಿದೆ.