ಯುವಕ ಮಂಡಲ ಊರಿಗೆ ಎಂತ ಕೊಟ್ಟಿತು?

ಇವತ್ತು ಅಡಿಕೆ, ಕಾಳುಮೆಣಸು ಬಿಟ್ಟು ಸ್ವಲ್ಪ ಚರಿತ್ರೆ. ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.

ಕುಂಬ್ರದಿಂದ ಬೆಳ್ಳಾರೆ ಕಡೆಗೆ ಹೋಗಿ, ಕಾವು ಕಡೆಗೆ ಹೋಗಿ, ಒಳರಸ್ತೆಗೆ ಇಳಿದರೆ ಎಲ್ಲಿಯಾದರೂ ಒಂದು ಯುವಕ ಮಂಡಲದ ಬೋರ್ಡ್ ಕಾಣುತ್ತದೆ. ಕೆಲವು ಕಡೆ ಕಟ್ಟಡವೂ ಉಂಟು, ಅದಕ್ಕೆ ಬೀಗವೂ ಉಂಟು. ಈಗಿನ ಮಕ್ಕಳ ಲೆಕ್ಕದಲ್ಲಿ ಅದು ಅಷ್ಟಮಿಗೆ ಮೊಸರುಕುಡಿಕೆ, ರಾತ್ರಿ ಕಬಡ್ಡಿ ಮಾಡಿಸುವ ಸಂಘ. ಅದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ.

ಪುತ್ತೂರು ಸೀಮೆಗೆ ಸಂಘ ಕಟ್ಟುವುದು ಹೊಸತಲ್ಲ. ಮೊಳಹಳ್ಳಿ ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರಿ ಸಂಘ ಶುರು ಮಾಡಿದವರು. 1930ರ ದಶಕದಲ್ಲಿ ಶಿವರಾಮ ಕಾರಂತರು ದಸರೆಗೆ ನಾಡಹಬ್ಬ ಮಾಡಿಸಿದರು. ಅದೆಲ್ಲ ಪೇಟೆಯಲ್ಲಿ, ದೊಡ್ಡವರ ನೇತೃತ್ವದಲ್ಲಿ ಆದದ್ದು. ಹಳ್ಳಿಯ ಹುಡುಗರ ಕೈಗೆ ಸಂಘ ಬಂದದ್ದು ಸ್ವಾತಂತ್ರ್ಯದ ನಂತರ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರಿಂದ ಬ್ಲಾಕ್ ಆಫೀಸು ಬಂತು, ಗ್ರಾಮಸೇವಕರು ಬಂದರು. ಯುವಕ ಮಂಡಲ, ಮಹಿಳಾ ಮಂಡಲ ಕಟ್ಟಿಸುವುದೂ ಅವರ ಕೆಲಸಗಳಲ್ಲಿ ಒಂದು. 1960ರ ಸಂಘಗಳ ನೋಂದಣಿ ಕಾಯ್ದೆಯಿಂದ ರಿಜಿಸ್ಟರ್ ಮಾಡುವ ದಾರಿ ಆಯಿತು. 1972ರಲ್ಲಿ ನೆಹರು ಯುವ ಕೇಂದ್ರ ಶುರುವಾಯಿತು.

ಆದರೆ ನನ್ನ ಪ್ರಕಾರ ನಮ್ಮ ಕಡೆ ಮಂಡಲಗಳಿಗೆ ಜೀವ ಬಂದದ್ದು ಭೂಮಸೂದೆಯಿಂದ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು, ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು. ಎಷ್ಟೋ ಮನೆಗಳ ನಡುವೆ ಕೋರ್ಟು, ಮಾತುಕತೆ ಇಲ್ಲ. ದೇವಸ್ಥಾನದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಅಂತ ಮೊದಲೇ ನಿಶ್ಚಯ ಇತ್ತು. ಧಣಿಗಳ ಮಗನೂ ಒಕ್ಕಲಿನ ಮಗನೂ ಒಂದೇ ಬೆಂಚಿನಲ್ಲಿ ಕೂರಲಿಕ್ಕೆ ಶಾಲೆ ಬಿಟ್ಟ ಮೇಲೆ ಇದ್ದ ಜಾಗ ಎಂದರೆ ಯುವಕ ಮಂಡಲ. ವಾಲಿಬಾಲಿನಲ್ಲಿ ಸುತ್ತು ಬದಲಾಗಲೇಬೇಕಲ್ವಾ, ಯಾವಾಗಲೂ ನಾನೇ ಮುಂದೆ ನಿಲ್ಲುತ್ತೇನೆ ಅಂದರೆ ಆಗುವುದಿಲ್ಲ! ಎಲ್ಲ ಕಡೆ ಹೀಗೇ ಇತ್ತು ಅಂತ ಹೇಳುವುದಿಲ್ಲ. ಕೆಲವು ಮಂಡಲ ಒಂದೇ ಮನೆಯವರ ಕೈಯಲ್ಲಿತ್ತು, ಅಧ್ಯಕ್ಷರು ಬದಲಾದದ್ದೇ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸೇರುವಾಗ ಭಾನುವಾರ ಅಂದರೆ ಶ್ರಮದಾನ. ಮಳೆಗಾಲದ ಮೊದಲು ತೋಡಿಗೆ ಅಡಿಕೆಮರದ ಸಂಕ, ಶಾಲೆಯ ಮೈದಾನ ಸಮ ಮಾಡುವುದು, ರಸ್ತೆಯ ಚರಂಡಿ. ಡಿಸೆಂಬರ್ ಹೊತ್ತಿಗೆ ಕಟ್ಟ. ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟಿದರೆ ಮೇಲಿನ ಬೈಲಿನ ಕೆರೆ ಬಾವಿಯಲ್ಲೆಲ್ಲ ನೀರು ಏರುತ್ತಿತ್ತು. ಹಿರಿಯರಲ್ಲಿ ಕೈಸಹಾಯ ಮೊದಲೇ ಇತ್ತು: ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಮಂಡಲ ಮಾಡಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದ್ದು. ತೋಟವೇ ಇಲ್ಲದ ಹುಡುಗನೂ ಕಟ್ಟಕ್ಕೆ ಕಲ್ಲು ಹೊತ್ತ. ಅವನಿಗೆ ವಾಪಸು ಸಿಕ್ಕಿದ್ದು ಅವಲಕ್ಕಿ, ಚಾ, ಮತ್ತೆ ಅವನ ಮಾತಿಗೂ ಮೀಟಿಂಗಿನಲ್ಲಿ ಒಂದು ಬೆಲೆ.

ಆ ಮೀಟಿಂಗಿನಲ್ಲಿ ನಡಾವಳಿ ಬರೆಯಲು, ರಶೀದಿ ಹರಿಯಲು, ಲೆಕ್ಕ ಓದಿ ಹೇಳಲು ಕಲಿತವರೇ ಮುಂದೆ ಹಾಲಿನ ಸೊಸೈಟಿಗೆ, ಪಂಚಾಯತಿಗೆ ಹೋದದ್ದು. 1987ರಲ್ಲಿ ಮಂಡಲ ಪಂಚಾಯತ್ ಚುನಾವಣೆ ಬಂದಾಗ ಊರಿಗೆ ಗೊತ್ತಿದ್ದ ಹುಡುಗರು ಅಂದರೆ ಇವರೇ. 1990ರ ಆಸುಪಾಸಿನ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಪಾಠ ಹೇಳಿದ್ದೂ ಇವರೇ. ಹಗಲಿಡೀ ಬೀಡಿ ಕಟ್ಟಿದ ಅಕ್ಕಂದಿರು ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದರು.

ಮತ್ತೆ ಎಂತಾಯಿತು? ಹುಡುಗರು ಬೆಂಗಳೂರಿಗೆ, ಗಲ್ಫಿಗೆ ಹೋದರು. ರಸ್ತೆಗೆ ಜೆಸಿಬಿ ಬಂತು. ಬೋರ್‌ವೆಲ್ ಬಂದ ಮೇಲೆ ಪಕ್ಕದ ಮನೆಯ ನೀರು ನಮ್ಮ ಚಿಂತೆ ಆಗಿ ಉಳಿಯಲಿಲ್ಲ. ಹೋದ ಹುಡುಗರನ್ನು ನಾನು ದೂರುವುದಿಲ್ಲ, ಹೋಗದಿದ್ದರೆ ಎಷ್ಟೋ ಮನೆಯ ಸಾಲ ತೀರುತ್ತಿರಲಿಲ್ಲ.

ಆದರೆ ಒಂದು ಮಾತು. ಸರ್ಕಾರ ಕಿಂಡಿ ಅಣೆಕಟ್ಟು ಕಟ್ಟಿಸಿ ಕೊಡುತ್ತದೆ. ಕಿಂಡಿಗೆ ಹಲಗೆ ಇಳಿಸಿ, ಎರಡು ಸಾಲಿನ ನಡುವೆ ಮಣ್ಣು ತುಂಬುವುದು ಯಾರು? ಮಳೆಗೆ ಮೊದಲು ಅದನ್ನು ತೆಗೆಯುವುದು ಯಾರು? ತೆಗೆಯದಿದ್ದರೆ ಕಸ ಸಿಕ್ಕಿ ನೀರು ಬದಿಯ ತೋಟವನ್ನೇ ಕೊಚ್ಚುತ್ತದೆ. ಹಲಗೆ ಹಾಕದಿದ್ದರೆ ಅಷ್ಟು ದೊಡ್ಡ ಕಾಂಕ್ರೀಟು ಬರೀ ಸಂಕ ಮಾರಾಯ್ರೆ! ಬೋರಿಗೆ ನೀರು ಸಿಗದೆ ನಾವು ಮತ್ತೆ ತೋಡಿನ ಕಡೆಗೇ ನೋಡುವ ಕಾಲ ಬಂದಿದೆ. ಆಗ ಬೇಕಾಗುವುದು ಒಂದು ಭಾನುವಾರ, ಇಪ್ಪತ್ತು ಜನ, ಕರೆಯಲಿಕ್ಕೆ ಒಂದು ಹೆಸರು. ಆ ಹೆಸರು ನಮ್ಮಲ್ಲಿ ಈಗಲೂ ಬೋರ್ಡಿನಲ್ಲಿ ಉಂಟು.

ಹಾಗಾಗಿ ನನ್ನ ಕೋರಿಕೆ ಎರಡು. ನಿಮ್ಮ ಮಂಡಲದ ನೋಂದಣಿ ಕಾಗದ ನೋಡಿ, ವರ್ಷ ವರ್ಷ ಕೊಡಬೇಕಾದ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಕೊಟ್ಟಿದ್ದೀರಾ ವಿಚಾರಿಸಿ. ಮತ್ತೆ ಹಳೆಯ ನಡಾವಳಿ ಪುಸ್ತಕ ಗೆದ್ದಲು ತಿನ್ನುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವ ಇಸವಿಯಲ್ಲಿ ಎಲ್ಲಿ ಕಟ್ಟ ಕಟ್ಟಿದ್ದು, ಎಷ್ಟು ಜನ ಬಂದದ್ದು, ಎಲ್ಲ ಅದರಲ್ಲಿ ಸಿಗುತ್ತದೆ. ನವೆಂಬರ್ ಮುಗಿಯುವುದರೊಳಗೆ ಒಂದು ಮೀಟಿಂಗ್ ಕರೆದರೆ ಈ ವರ್ಷದ ಹಲಗೆಗೆ ಸಮಯ ಉಂಟು.