ಇನ್ನೊಂದು ಸಿಡ್ನಿ

ಮಗಳು ಸಿಡ್ನಿಯಲ್ಲಿದ್ದಾಳೆ ಎಂದರೆ ನಮ್ಮ ಬಂಗಾರಪೇಟೆಯಲ್ಲಿ ಎಲ್ಲರೂ "ಓ, ಆಸ್ಟ್ರೇಲಿಯಾನಾ ಟೀಚರಮ್ಮ?" ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಈಗ ನಕ್ಕು ಸುಮ್ಮನಾಗುತ್ತೇನೆ. ಅವಳಿರುವುದು ಕೆನಡಾದ ಪೂರ್ವದ ಅಂಚಿನಲ್ಲಿ, ನೋವಾ ಸ್ಕೋಷಿಯಾ ಪ್ರಾಂತ್ಯದ ಕೇಪ್ ಬ್ರೆಟನ್ ದ್ವೀಪದಲ್ಲಿ. ಅಲ್ಲೂ ಒಂದು ಸಿಡ್ನಿ ಇದೆ. ಆರು ತಿಂಗಳು ಚಳಿ, ಗಾಳಿ, ಸುತ್ತ ಸಮುದ್ರ.

2021ರಲ್ಲಿ ಅವಳನ್ನು ಕಳಿಸುವಾಗ ಬೆಂಗಳೂರಿನ ಒಬ್ಬ ಏಜೆಂಟ್ ನಮ್ಮೆದುರು ನಕ್ಷೆ ಹರಡಿ, "ದೊಡ್ಡ ಊರಿಗೆ ಬೇಡ ಮೇಡಂ, ಸಣ್ಣ ಊರಿಗೆ ಹೋದರೆ ಪಿ.ಆರ್. ಗ್ಯಾರಂಟಿ" ಎಂದಿದ್ದ. ಪಿ.ಆರ್. ಎಂದರೆ ಆ ದೇಶದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವಳು ನಾನು. ಸುಮ್ಮಸುಮ್ಮನೆ ಯಾವ ರಾಜ್ಯವೂ ಯಾರಿಗೂ ಏನನ್ನೂ ಕೊಟ್ಟದ್ದನ್ನು ಕಂಡಿಲ್ಲ. ಸಣ್ಣ ಊರಿನಲ್ಲಿ ಇದ್ದದ್ದಕ್ಕೇ ಒಂದು ದೇಶ ಬಹುಮಾನ ಕೊಡುತ್ತದೆಂದರೆ ಅದರ ಹಿಂದೆ ಏನೋ ಇರಬೇಕು ಅನ್ನಿಸಿತು. ಮಗಳು ಹೋದ ಮೇಲೆ ಮನೆಯಲ್ಲಿ ಒಬ್ಬಳೇ. ಓದುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

ಆ ಸಿಡ್ನಿಯ ಕಥೆ ಓದುತ್ತ ಹೋದರೆ ನಮ್ಮ ಕೆ.ಜಿ.ಎಫ್.ನದೇ ಕಥೆ. ಅಲ್ಲಿ ಚಿನ್ನದ ಬದಲು ಕಲ್ಲಿದ್ದಲು. ಸಮುದ್ರದ ತಳದ ಕೆಳಗೇ ಕೊರೆದ ಗಣಿಗಳು, ಪಕ್ಕದಲ್ಲಿ ಉಕ್ಕಿನ ಕಾರ್ಖಾನೆ. ನಮ್ಮ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಸರ್ಕಾರಿ ಗಣಿಗಳಲ್ಲಿ ಕೊನೆಯದು ಮುಚ್ಚಿದ್ದೂ 2001ರಲ್ಲಿ, ಉಕ್ಕಿನ ಕಾರ್ಖಾನೆ ಮುಗಿದದ್ದೂ ಅದೇ ವರ್ಷ! ಓದಿ ಮೈ ಜುಮ್ಮೆಂದಿತು. ನನ್ನ ಅಪ್ಪ ಚಾಂಪಿಯನ್ ರೀಫ್ ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಗಣಿ ನಿಂತ ಮೇಲೆ ನಮ್ಮ ಕಡೆಯ ಹುಡುಗರು ಏನು ಮಾಡಿದರು? ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋದರು, ಇವತ್ತೂ ಹೋಗುತ್ತಿದ್ದಾರೆ. ಅಲ್ಲಿನ ಹುಡುಗರು ಸಾವಿರಾರು ಮೈಲಿ ದೂರದ ಆಲ್ಬರ್ಟಾದ ಎಣ್ಣೆ ಕೆಲಸಕ್ಕೆ ಹೋದರು. 1996ರಿಂದ 2016ರೊಳಗೆ ಆ ನಗರಸಭೆಯ ವ್ಯಾಪ್ತಿಯಲ್ಲಿ ಸುಮಾರು 20,000 ಜನ ಕಡಿಮೆಯಾದರು. ಉಳಿದದ್ದು ವಯಸ್ಸಾದವರು.

ವ್ಯತ್ಯಾಸ ಇಷ್ಟೇ. ಖಾಲಿಯಾದ ನಮ್ಮ ಊರಿಗೆ ಯಾರನ್ನೂ ಯಾರೂ ಕರೆಯಲಿಲ್ಲ. ಅವರು ಕರೆದರು.

ಹೀಗೆ ಕರೆಯುವುದು ಕೆನಡಾಕ್ಕೆ ಹೊಸದಲ್ಲ. 1872ರಲ್ಲೇ ಒಂದು ಕಾನೂನು ಮಾಡಿ ನಡುನಾಡಿನ ಬಯಲುಗಳಲ್ಲಿ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಕೊಡುತ್ತೇವೆ ಎಂದರು. ಮೂರು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉತ್ತು ಬಿತ್ತಿದರೆ ಜಮೀನು ನಿಮ್ಮದು. (ಆ ನೆಲ ಅಲ್ಲಿನ ಮೂಲನಿವಾಸಿಗಳದ್ದು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.) ನಾಲ್ಕೇ ವರ್ಷದಲ್ಲಿ, 1876ರಲ್ಲಿ, ಹೆಂಗಸರಿಗೆ ಬಾಗಿಲು ಹಾಕಿದರು. ಮಕ್ಕಳನ್ನು ಸಾಕುವ ವಿಧವೆಯಂಥವರು, ಸಂಸಾರಕ್ಕೆ ತಾವೇ ಯಜಮಾನಿಯಾದವರು ಅರ್ಜಿ ಹಾಕಬಹುದಿತ್ತು, ಮದುವೆಯಾಗದ ಹುಡುಗಿಗೆ ಅಂಗೈ ಅಗಲ ಜಾಗವೂ ಇಲ್ಲ. ಪಕ್ಕದ ಅಮೆರಿಕದಲ್ಲಿ ಅಂಥ ಹುಡುಗಿಯರಿಗೂ ಜಮೀನು ಸಿಗುತ್ತಿತ್ತು, ಕೆನಡಾದಲ್ಲಿ ಇಲ್ಲ.

ಇನ್ನು ನಮ್ಮವರಿಗಂತೂ ಕರೆಯೇ ಇರಲಿಲ್ಲ. 1908ರಲ್ಲಿ ಒಂದು ಜಾಣ ನಿಯಮ ಬಂತು. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ! ಭಾರತೀಯರು ಬೇಡ ಎಂದು ಬಾಯಿಬಿಟ್ಟು ಹೇಳದೆ ಹೇಳುವ ರೀತಿ ಅದು. 1914ರಲ್ಲಿ 376 ಪ್ರಯಾಣಿಕರೊಂದಿಗೆ ವ್ಯಾಂಕೂವರಿಗೆ ಹೋದ ಕೊಮಗಾಟ ಮಾರು ಹಡಗನ್ನು ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ ವಾಪಸು ಅಟ್ಟಿದ್ದನ್ನು ಮಕ್ಕಳಿಗೆ ಎರಡೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆ ಮೊದಲೇ ಅಲ್ಲಿಗೆ ಸೇರಿದ್ದ ಗಂಡಸರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 1919ರವರೆಗೆ ಕಾಯಬೇಕಾಯಿತು ಎಂಬುದನ್ನು ಹೇಳಿರಲೇ ಇಲ್ಲ. ನನಗೇ ಗೊತ್ತಿರಲಿಲ್ಲ. ಪಂಜಾಬಿನ ಯಾವ ಯಾವ ಹಟ್ಟಿಗಳಲ್ಲಿ ಎಷ್ಟು ಹೆಂಗಸರು ಹಾಗೆ ಕಾದಿದ್ದರೋ. 1951ರಲ್ಲಿ ವರ್ಷಕ್ಕೆ 150 ಭಾರತೀಯರು ಎಂದು ಕೋಟಾ ಇಟ್ಟರು. 1967ರಲ್ಲಿ ಹುಟ್ಟಿದ ದೇಶ ನೋಡದೆ ಓದು, ವಯಸ್ಸು, ಭಾಷೆ, ಕಸಬಿಗೆ ಅಂಕ ಕೊಡುವ ಪದ್ಧತಿ ಬಂತು.

ಅಂಕ ಗಳಿಸಿ ಬಂದವರು ಎಲ್ಲಿಗೆ ಹೋದರು? ಟೊರೊಂಟೊ, ಮಾಂಟ್ರಿಯಲ್, ವ್ಯಾಂಕೂವರ್. ಸಣ್ಣ ಪ್ರಾಂತ್ಯಗಳು ನೋಡುತ್ತ ಕೂತವು. ಕ್ವಿಬೆಕ್ ತನಗೆ ಬೇಕಾದವರನ್ನು ತಾನೇ ಆರಿಸಿಕೊಳ್ಳುವ ಅಧಿಕಾರವನ್ನು ಮೊದಲೇ ಪಡೆದಿತ್ತು. 1998ರಲ್ಲಿ ಮ್ಯಾನಿಟೋಬಾ, "ನಮಗೆ ಯಾರು ಬೇಕೋ ಅವರ ಹೆಸರು ನಾವೇ ಸೂಚಿಸುತ್ತೇವೆ" ಎಂದು ಕೇಂದ್ರದಿಂದ ಒಪ್ಪಂದ ಮಾಡಿಸಿಕೊಂಡಿತು. ಉಳಿದ ಪ್ರಾಂತ್ಯಗಳೂ ಅದೇ ದಾರಿ ಹಿಡಿದವು. 2008ರಿಂದ ಅಲ್ಲಿ ಓದು ಮುಗಿಸಿದ ವಿದೇಶಿ ಮಕ್ಕಳಿಗೆ ಮೂರು ವರ್ಷದವರೆಗೆ ಯಾರ ಬಳಿ ಬೇಕಾದರೂ ದುಡಿಯುವ ಪರವಾನಗಿ ಸಿಗತೊಡಗಿತು. 2017ರಲ್ಲಿ ಅಟ್ಲಾಂಟಿಕ್ ತೀರದ ನಾಲ್ಕು ಪ್ರಾಂತ್ಯಗಳಿಗೆಂದೇ ಬೇರೊಂದು ಪ್ರಾಯೋಗಿಕ ಯೋಜನೆ ತೆರೆದರು, 2022ರಲ್ಲಿ ಅದನ್ನು ಕಾಯಂ ಮಾಡಿದರು. ನನ್ನ ಮಗಳು ಹಿಡಿದದ್ದು ಈ ದಾರಿ.

ಅದರ ಷರತ್ತುಗಳನ್ನು ಓದಿದಾಗ 1872 ನೆನಪಾಯಿತು. ಆ ನಾಲ್ಕು ಪ್ರಾಂತ್ಯಗಳಲ್ಲೇ ಕನಿಷ್ಠ ಎರಡು ವರ್ಷದ ಕೋರ್ಸ್ ಓದಿರಬೇಕು. ಪದವಿಗೆ ಮುಂಚಿನ ಎರಡು ವರ್ಷಗಳಲ್ಲಿ 16 ತಿಂಗಳು ಅಲ್ಲೇ ವಾಸವಿರಬೇಕು. ಪ್ರಾಂತ್ಯ ಒಪ್ಪಿದ ಮಾಲೀಕರೊಬ್ಬರು ಕೆಲಸ ಕೊಡಬೇಕು. ಓದು ಮುಗಿದು ಎರಡು ವರ್ಷದೊಳಗೆ ಅರ್ಜಿ ಹೋಗಬೇಕು. ಹಳಬರು ಇಷ್ಟು ವರ್ಷ ಉತ್ತು ತೋರಿಸಬೇಕಿತ್ತು, ಇವರು ಇಷ್ಟು ತಿಂಗಳು ಇದ್ದು ತೋರಿಸಬೇಕು. ಒಂದು ಮಾತ್ರ ಬದಲಾಗಿದೆ. ಅರ್ಜಿಯ ಮೊದಲ ಸಾಲಿನಲ್ಲಿ ಮದುವೆಯಾಗದ ನನ್ನ ಮಗಳ ಹೆಸರೇ ಇತ್ತು.

ಅವಳಿಗೆ ಕೆಲಸ ಸಿಕ್ಕಿದ್ದು ವೃದ್ಧಾಶ್ರಮದಲ್ಲಿ. ಮುದುಕರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ರಾತ್ರಿ ಹಾಸಿಗೆ ಬದಲಾಯಿಸುವುದು. ಇದಕ್ಕೇ ಏನೇ ಎಂ.ಎಸ್ಸಿ. ಓದಿದ್ದು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. 2024ರ ಜೂನ್‌ನಲ್ಲಿ ಹೋಗಿ ಎರಡು ತಿಂಗಳು ಇದ್ದೆ. ಒಂದು ಮನೆಯಲ್ಲಿ ಆರು ಹುಡುಗಿಯರು, ಒಂದೇ ಒಲೆ, ಸರದಿಯ ಮೇಲೆ ಅಡುಗೆ. ಬಂದ ವಿದ್ಯಾರ್ಥಿಗಳಿಗೆ ತಕ್ಕಷ್ಟು ಮನೆಗಳೇ ಊರಿನಲ್ಲಿ ಇರಲಿಲ್ಲ, ಬಾಡಿಗೆ ಏರಿತೆಂದು ಊರಿನವರಿಗೂ ಬೇಸರ. ಹಳೆಯ ಉಕ್ಕಿನ ಕಾರ್ಖಾನೆಯ ವಿಷದ ನೆಲವನ್ನು ಮುಚ್ಚಿ 2013ರಲ್ಲಿ ಪಾರ್ಕ್ ಮಾಡಿದ್ದಾರೆ. ಅದರ ಹುಲ್ಲಿನ ಮೇಲೆ ನಡೆಯುವಾಗ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಕಣ್ಣಮುಂದೆ ಬಂದವು.

ಆಶ್ರಮದಲ್ಲಿ ಒಬ್ಬ ಅಜ್ಜ. ಗಣಿಯಲ್ಲಿ ದುಡಿದವರು. ನನ್ನ ತಾತನ ಊರಿನ ಗಣಿ ಮೂರು ಕಿಲೋಮೀಟರಿಗಿಂತ ಆಳ ಎಂದು ಇವಳು ಹೇಳಿದಾಗ ಅವರು ನಂಬಲಿಲ್ಲವಂತೆ. ಆಮೇಲೆ ದಿನಾ ಅದನ್ನೇ ಕೇಳುತ್ತಿದ್ದರಂತೆ, ಅಷ್ಟು ಕೆಳಗೆ ಶಾಖ ಎಷ್ಟಿತ್ತು, ಗಾಳಿ ಹೇಗೆ ಬರುತ್ತಿತ್ತು ಎಂದು. ಅವರ ಇಬ್ಬರು ಮಕ್ಕಳೂ ಆಲ್ಬರ್ಟಾದಲ್ಲಿ. ಮಗಳು ಅವರ ಗಲ್ಲ ಒರೆಸುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಹೊಟ್ಟೆಕಿಚ್ಚೋ ಹೆಮ್ಮೆಯೋ ಇವತ್ತಿಗೂ ಹೇಳಲಾರೆ. ನನ್ನ ಮಂಡಿನೋವಿಗೆ ಎಣ್ಣೆ ತಿಕ್ಕುವವಳು ಬಂಗಾರಪೇಟೆಯ ಪಕ್ಕದ ಮನೆಯ ಫಾತಿಮಾ.

ಅಷ್ಟು ಹೊತ್ತಿಗೆ ಗಾಳಿ ತಿರುಗಿತ್ತು. 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿದರು, ಆ ವರ್ಷಕ್ಕೆ ಸುಮಾರು 3,60,000 ಎಂದು. ಪ್ರಾಂತ್ಯಗಳ ಸೂಚನೆಯ ಮೇಲೆ ಕಾಯಂ ವಾಸ ಪಡೆಯುವವರ ಗುರಿ 2024ರಲ್ಲಿ 1,10,000 ಇದ್ದದ್ದು 2025ಕ್ಕೆ 55,000. ಅವಳ ಜೊತೆಗೆ ಓದಿದ ಇಬ್ಬರು ಪರವಾನಗಿ ಮುಗಿದು ವಾಪಸು ಬಂದರು. ಗ್ಯಾರಂಟಿ ಎಂದಿದ್ದ ಏಜೆಂಟನ ಫೋನ್ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಕರೆದ ಮನೆಯವರೇ ಊಟದ ನಡುವೆ ಎಲೆ ಎತ್ತಿದ ಹಾಗೆ. ಕಾನೂನು ಮಾಡುವವರಿಗೆ ಹಕ್ಕಿದೆ, ಒಪ್ಪಿದೆ. ಆದರೆ ಆ ಮಕ್ಕಳು ಸಾಲ ಮಾಡಿ ಹೋಗಿದ್ದು ಹಳೆಯ ಮಾತನ್ನು ನಂಬಿ ತಾನೇ?

ನನ್ನ ಮಗಳದು ಅಟ್ಲಾಂಟಿಕ್ ದಾರಿಯಲ್ಲಿ ಮೊದಲೇ ಹೋಗಿದ್ದ ಅರ್ಜಿ. 2025ರ ಬೇಸಿಗೆಯಲ್ಲಿ ಪಿ.ಆರ್. ಬಂತು. ಫೋನಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಂದು ಸಂಗತಿ ಉಳಿಯಿತು. 1982ರ ಅವರ ಹಕ್ಕುಗಳ ಸನ್ನದಿನ ಪ್ರಕಾರ ಕಾಯಂ ನಿವಾಸಿ ಯಾವ ಪ್ರಾಂತ್ಯದಲ್ಲಾದರೂ ಹೋಗಿ ಇರಬಹುದು. ಕರೆಸಿಕೊಂಡ ಊರು ಕಟ್ಟಿಹಾಕುವಂತಿಲ್ಲ. ಆ ಅಜ್ಜನಿಗೂ ಇದು ಗೊತ್ತು. ನೀನೂ ಟೊರೊಂಟೊಗೆ ಹೊರಟೆಯಾ ಎಂದು ಕೇಳಿದರಂತೆ.

"ಏನಂದೆ?" ಎಂದು ಕೇಳಿದೆ.

"ಈ ಚಳಿಗಾಲ ಕಳೀಲಿ ಅಮ್ಮಾ, ನೋಡೋಣ" ಎಂದಳು. ಆಮೇಲೆ, ಮಂಡಿ ಹೇಗಿದೆ ಎಂದು ಕೇಳಿದಳು.